ಹವ್ಯಾಸಿ ರೇಡಿಯೋ: ಮನೆಯಲ್ಲಿ ವಿಎಚ್‌ಎಫ್ ನಿಲಯ ಸ್ಥಾಪಿಸುವ ಬಗೆ

2004ರ ಡಿಸೆಂಬರ್ 26ರ ಬೆಳಗ್ಗೆ ಸುನಾಮಿ ಅಲೆಗಳು ಅಂಡಮಾನ್ ದ್ವೀಪಗಳನ್ನು ಅಪ್ಪಳಿಸಿದಾಗ ಭಾರತಿ ಪ್ರಸಾದ್ ಮತ್ತು ಅವರ ತಂಡ ಪೋರ್ಟ್‌ಬ್ಲೇರ್‌ನಲ್ಲಿತ್ತು. ದೂರದೇಶಗಳ ಹವ್ಯಾಸಿಗಳೊಂದಿಗೆ ಮಾತನಾಡಲೆಂದು ಅನುಮತಿ ಪಡೆದು ಅಲ್ಲಿಗೆ ಹೋಗಿದ್ದ ಅವರ ರೇಡಿಯೋ ಉಪಕರಣಗಳು ಕೆಲವೇ ಗಂಟೆಗಳಲ್ಲಿ ದ್ವೀಪ ಮತ್ತು ಮುಖ್ಯಭೂಮಿಯ ನಡುವಣ ಸಂಪರ್ಕದ ಕೊಂಡಿಯಾದವು. ಹ್ಯಾಮ್ ರೇಡಿಯೋ ಎಂಬ ಹವ್ಯಾಸದ ಹೆಸರನ್ನು ನಮ್ಮ ನಗರವಾಸಿಗಳಲ್ಲಿ ಅನೇಕರು ಮೊದಲ ಬಾರಿಗೆ ಕೇಳಿದ್ದು ಆ ದಿನಗಳಲ್ಲೇ. ಅಂದು ಬಳಕೆಯಾದದ್ದು ಸಾವಿರಾರು ಕಿಲೋಮೀಟರ್ ಕ್ರಮಿಸಬಲ್ಲ ಹ್ರಸ್ವ ತರಂಗಗಳು. ಆದರೆ ಒಂದೇ ನಗರದೊಳಗೆ, ಒಂದೇ ಜಿಲ್ಲೆಯೊಳಗೆ, ಪರಿಹಾರ ಶಿಬಿರದಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಜಿಲ್ಲಾಡಳಿತದ ಕಚೇರಿಗೆ ಸಂದೇಶ ಮುಟ್ಟಿಸಬೇಕಾದರೆ ನೆಚ್ಚಬೇಕಾದದ್ದು ಬೇರೆಯದೇ ತರಂಗಗುಚ್ಛವನ್ನು. ಅದೇ ವಿಎಚ್‌ಎಫ್. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು, ಅನೇಕ ಊರುಗಳಲ್ಲಿ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದುಹೋದುದನ್ನು ಕಂಡವರಿಗೆ ಇಂಥದೊಂದು ನಿಲಯದ ಬೆಲೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಇಂಥ ನಿಲಯವನ್ನು ಸಾಮಾನ್ಯ ಮನೆಯೊಂದರಲ್ಲಿ ಸ್ಥಾಪಿಸುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಹೊಸಬರು ಸಾಮಾನ್ಯವಾಗಿ ತಮ್ಮ ಹಣದ ಬಹುಪಾಲನ್ನು ಸೆಟ್ಟಿನ ಮೇಲೆ ಸುರಿಯುತ್ತಾರೆ. ಉಳಿದ ಚಿಲ್ಲರೆಯಲ್ಲಿ ಆಂಟೆನಾ, ಕೇಬಲ್, ವಿದ್ಯುತ್ ಪೂರೈಕೆಗಳನ್ನು ಹೇಗೋ ಹೊಂದಿಸಿಕೊಳ್ಳುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕೆಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಕಾರಣಗಳು ಮುಂದೆ ತಾವಾಗಿಯೇ ಸ್ಪಷ್ಟವಾಗುತ್ತವೆ.

ಮೊದಲು ಪರವಾನಗಿ

ಪರವಾನಗಿಯಿಲ್ಲದೆ ಪ್ರಸಾರ ಮಾಡುವುದಿರಲಿ, ಇಂಥ ಉಪಕರಣವನ್ನು ಹೊಂದುವುದೂ ಭಾರತದಲ್ಲಿ ಅಪರಾಧ. ಕೇಂದ್ರ ಸಂವಹನ ಸಚಿವಾಲಯದಡಿ ನಡೆಯುವ ಪರೀಕ್ಷೆಯಲ್ಲಿ ರೇಡಿಯೋ ತತ್ತ್ವ ಮತ್ತು ನಿಯಮಾವಳಿಗಳ ಬಗೆಗಿನ ಪ್ರಶ್ನೆಗಳಿಗೆ ಉತ್ತರಿಸಿ ತೇರ್ಗಡೆಯಾಗಬೇಕು. ಎರಡು ದರ್ಜೆಗಳಿದ್ದು, ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆ ಇಲ್ಲ. ವಿಎಚ್‌ಎಫ್‌ನಲ್ಲಿ ಮಾತನಾಡಲು ಆ ದರ್ಜೆಯೇ ಸಾಕು. ಅದರ ಕರೆಸಂಜ್ಞೆಗಳು ಸಾಮಾನ್ಯವಾಗಿ ವಿಯು3 ಎಂದೂ, ಜನರಲ್ ದರ್ಜೆಯವು ವಿಯು2 ಎಂದೂ ಆರಂಭವಾಗುತ್ತವೆ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಮುಂತಾದ ಸಂಸ್ಥೆಗಳು ಪರೀಕ್ಷೆಗೆ ತರಬೇತಿ ನೀಡುತ್ತ ಬಂದಿವೆ.

ಭಾರತದ ಹವ್ಯಾಸಿಗಳಿಗೆ ವಿಎಚ್‌ಎಫ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪಟ್ಟಿ 144ರಿಂದ 146 ಮೆಗಾಹರ್ಟ್ಜ್. ತರಂಗದ ಉದ್ದ ಸುಮಾರು ಎರಡು ಮೀಟರ್ ಆದ್ದರಿಂದ ಇದಕ್ಕೆ ಎರಡು ಮೀಟರ್ ಪಟ್ಟಿ ಎಂಬ ಹೆಸರೂ ಉಂಟು. ಹೊಸಬರು ಎಡವುವುದು ಇಲ್ಲಿಯೇ. ಅಮೆರಿಕದಲ್ಲಿ ಈ ಪಟ್ಟಿ 148ರವರೆಗೆ ಹಬ್ಬಿದೆ, ಅಲ್ಲಿಯ ರಾಷ್ಟ್ರೀಯ ಕರೆ ಆವರ್ತನ 146.520 ಮೆಗಾಹರ್ಟ್ಜ್. ಅಂತರ್ಜಾಲದಲ್ಲಿ ಸಿಗುವ ಕೈಪಿಡಿಗಳಲ್ಲಿ ಹೆಚ್ಚಿನವು ಆ ದೇಶದವೇ. ಅವುಗಳನ್ನು ನೋಡಿ ಅದೇ ಆವರ್ತನವನ್ನು ಸೆಟ್ಟಿಗೆ ತುಂಬಿ ಗುಂಡಿ ಒತ್ತಿದರೆ ನಮ್ಮ ಹವ್ಯಾಸಿ ಮಿತಿಯ ಹೊರಗೆ ಮಾತನಾಡಿದಂತಾಗುತ್ತದೆ. ಅಗ್ಗದ ಕೈಸೆಟ್ಟುಗಳಲ್ಲಂತೂ 136ರಿಂದ 174ರವರೆಗೂ ಪ್ರಸಾರ ಸಾಧ್ಯ. ಹಡಗುಗಳ ತುರ್ತು ಕರೆಯ 156.800 ಮೆಗಾಹರ್ಟ್ಜ್ ಕೂಡ ಅದರೊಳಗೇ ಬರುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಇಂಥ ಸೆಟ್ಟುಗಳ ಮಾರಾಟಕ್ಕೆ ಕಡಿವಾಣ ಹಾಕಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸೆಟ್ಟು ಕೈಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ, ಅದರ ಪ್ರಸಾರ ವ್ಯಾಪ್ತಿಯನ್ನು ಪರವಾನಗಿಯಲ್ಲಿರುವ ಪಟ್ಟಿಗೂ ಶಕ್ತಿಯ ಮಿತಿಗೂ ಸೀಮಿತಗೊಳಿಸುವುದು.

ಎತ್ತರವೇ ಬಂಡವಾಳ

ವಿಎಚ್‌ಎಫ್ ತರಂಗಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುತ್ತವೆ. ಹ್ರಸ್ವ ತರಂಗಗಳ ಹಾಗೆ ಇವು ಆಕಾಶಕ್ಕೆ ಬಡಿದು ಮತ್ತೆ ಭೂಮಿಗೆ ಇಳಿದು ಬರುವುದು ಅಪರೂಪ. ಆದ್ದರಿಂದ ಆಂಟೆನಾಕ್ಕೆ ದಿಗಂತ ಎಲ್ಲಿಯವರೆಗೆ ಕಾಣುತ್ತದೋ ಸುಮಾರಾಗಿ ಅಲ್ಲಿಯವರೆಗೆ ಮಾತು. ಇದಕ್ಕೊಂದು ಸರಳ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೋ ದಿಗಂತದ ದೂರ ಕಿಲೋಮೀಟರಿನಲ್ಲಿ ದೊರೆಯುತ್ತದೆ. ಕೈಯಲ್ಲಿ ಹಿಡಿದ ಸೆಟ್ಟಿಗೆ ಈ ದಿಗಂತ ಬಯಲಿನಲ್ಲಿ 5 ಕಿಲೋಮೀಟರ್. ಮಹಡಿಯ ಮೇಲಿನ ಕಂಬದಲ್ಲಿ 10 ಮೀಟರ್ ಎತ್ತರದಲ್ಲಿರುವ ಆಂಟೆನಾಕ್ಕೆ 13 ಕಿಲೋಮೀಟರ್. ಅಂಥವೇ ಎರಡು ನಿಲಯಗಳ ನಡುವೆ 26 ಕಿಲೋಮೀಟರ್. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ನಂದಿಬೆಟ್ಟ ಸುತ್ತಲಿನ ಬಯಲಿಗಿಂತ ಸುಮಾರು 550 ಮೀಟರ್ ಮೇಲಿದೆ. ಅದರ ನೆತ್ತಿಯಲ್ಲಿ ನಿಂತವರಿಗೆ ಲೆಕ್ಕದ ಪ್ರಕಾರ 97 ಕಿಲೋಮೀಟರ್ ದೂರದ ನೆಲವೂ ದಕ್ಕುತ್ತದೆ. ಬೆಟ್ಟಗಳ ಮೇಲೆ ರಿಪೀಟರುಗಳನ್ನು ಸ್ಥಾಪಿಸುವುದರ ಗುಟ್ಟು ಇದೇ.

ಇದರ ತುತ್ತತುದಿಯ ಉದಾಹರಣೆ ಬಾಹ್ಯಾಕಾಶ. ಇಸ್ರೋ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ಮೂಲಕ ಕಾರ್ಟೋಸ್ಯಾಟ್-1ರ ಜತೆಗೆ ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹದ ತೂಕ ಕೇವಲ 42.5 ಕಿಲೋ. ಹವ್ಯಾಸಿಗಳ ದನಿಯನ್ನು ಯುಎಚ್‌ಎಫ್‌ನಲ್ಲಿ ಆಲಿಸಿ 145.9 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ಮರುಪ್ರಸಾರ ಮಾಡುತ್ತಿದ್ದ ಅದು 2014ರವರೆಗೆ ದುಡಿಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ 2025ರ ಜುಲೈನಲ್ಲಿ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ನೆರೆದಿದ್ದ ವಿದ್ಯಾರ್ಥಿಗಳೊಂದಿಗೆ ಮಾತನಾಡಿದ್ದೂ ಹ್ಯಾಮ್ ರೇಡಿಯೋ ಮೂಲಕವೇ. ನಿಲ್ದಾಣದಿಂದ ನಡೆಯುವ ಇಂಥ ಸಂವಾದಗಳು ಸಾಮಾನ್ಯವಾಗಿ 145.800 ಮೆಗಾಹರ್ಟ್ಜ್‌ನಲ್ಲಿ ಕೇಳಿಬರುತ್ತವೆ. ನಾನೂರು ಕಿಲೋಮೀಟರ್ ಎತ್ತರದಿಂದ ಬರುವ ಆ ದನಿ ಸಾಧಾರಣ ಕೈಸೆಟ್ಟಿನಲ್ಲೂ ಕೇಳುತ್ತದೆ. ಅದೇ ಕೈಸೆಟ್ಟಿಗೆ ಪಕ್ಕದ ಬಡಾವಣೆಯ ಗೆಳೆಯ ಸಿಗದಿರಬಹುದು. ನಡುವೆ ಇರುವ ಕಾಂಕ್ರೀಟೇ ಇದಕ್ಕೆ ಕಾರಣ.

ಇದರೊಂದಿಗೆ ಸೆಟ್ಟಿನ ಶಕ್ತಿಯನ್ನು ಹೋಲಿಸಿ ನೋಡಿ. 25 ವ್ಯಾಟ್ ಸೆಟ್ಟಿನ ಬದಲು 50 ವ್ಯಾಟ್ ಸೆಟ್ಟು ಕೊಂಡರೆ ಹೆಚ್ಚುವುದು 3 ಡೆಸಿಬೆಲ್, ಎಂದರೆ ಎದುರಿನವರ ಮೀಟರಿನಲ್ಲಿ ಹೆಚ್ಚೆಂದರೆ ಅರ್ಧ ಮನೆ. ಕಂಬವನ್ನು ನೆರೆಮನೆಯ ನೀರಿನ ಟ್ಯಾಂಕಿಗಿಂತ ಮೇಲಕ್ಕೆ ಏರಿಸಿದರೆ ಸಿಗುವ ಲಾಭ ಅನೇಕ ವೇಳೆ ಇದಕ್ಕಿಂತ ಹೆಚ್ಚು.

ಕೈಯಾರೆ ಮಾಡಿದ ಆಂಟೆನಾ

ದೂರದರ್ಶನದ ಕಾಲದಲ್ಲಿ ಮಹಡಿ ಹತ್ತಿ ಅಲ್ಯೂಮಿನಿಯಂ ಆಂಟೆನಾ ತಿರುಗಿಸುತ್ತ "ಬಂತಾ?" ಎಂದು ಕೂಗಿದವರಿಗೆ ಈ ಭಾಗ ಹೊಸತೆನಿಸದು. ಅಲ್ಲಿನ ಕಡ್ಡಿಗಳು ಅಡ್ಡಲಾಗಿ ಮಲಗಿರುತ್ತಿದ್ದವು. ಎರಡು ಮೀಟರಿನ ಎಫ್‌ಎಂ ಮಾತುಕತೆಗೆ ಕಡ್ಡಿ ನೆಟ್ಟಗೆ ನಿಲ್ಲಬೇಕು. ಒಬ್ಬರದು ಲಂಬ, ಇನ್ನೊಬ್ಬರದು ಅಡ್ಡ ಆದಲ್ಲಿ 20 ಡೆಸಿಬೆಲ್‌ನಷ್ಟು ನಷ್ಟವಾಗಬಹುದು, ಅಂದರೆ ಶಕ್ತಿಯ ನೂರರಲ್ಲೊಂದು ಭಾಗವಷ್ಟೇ ಉಳಿಯುತ್ತದೆ.

ಮೊದಲ ಆಂಟೆನಾವನ್ನು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದೇ ಲೇಸು. ಕಾಲು ತರಂಗದ ಗ್ರೌಂಡ್ ಪ್ಲೇನ್ ಎಂಬ ವಿನ್ಯಾಸಕ್ಕೆ ಬೇಕಾದದ್ದು ಎಸ್‌ಒ-239 ಮಾದರಿಯ ಒಂದು ಚಾಸಿ ಕನೆಕ್ಟರ್ ಮತ್ತು ಐದು ತುಂಡು ಗಟ್ಟಿ ತಾಮ್ರದ ತಂತಿ ಅಥವಾ ಹಿತ್ತಾಳೆ ಕಡ್ಡಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಇವೆಲ್ಲ ಸಿಗುತ್ತವೆ. 145 ಮೆಗಾಹರ್ಟ್ಜ್‌ಗೆ ನಡುವಿನ ಲಂಬ ಕಡ್ಡಿಯ ಉದ್ದ ಸುಮಾರು 49 ಸೆಂಟಿಮೀಟರ್. ಇದನ್ನು ಕನೆಕ್ಟರಿನ ನಡುಗೊಳವೆಗೆ ಬೆಸುಗೆ ಹಾಕಬೇಕು. ಉಳಿದ ನಾಲ್ಕನ್ನು ತಲಾ 52 ಸೆಂಟಿಮೀಟರ್ ಉದ್ದ ಕತ್ತರಿಸಿ, ಕನೆಕ್ಟರಿನ ನಾಲ್ಕು ಮೂಲೆಗಳ ತೂತುಗಳಿಗೆ ಬಿಗಿದು, 45 ಡಿಗ್ರಿ ಕೆಳಮುಖವಾಗಿ ಬಾಗಿಸಬೇಕು. ಹಾಗೆ ಬಾಗಿಸಿದಾಗ ಆಂಟೆನಾದ ಪ್ರತಿರೋಧ ಕೇಬಲಿಗೆ ಒಪ್ಪುವ 50 ಓಮ್‌ನ ಹತ್ತಿರ ಬರುತ್ತದೆ. ನಡುಗಡ್ಡಿಯನ್ನು ಮೊದಲು ಒಂದೆರಡು ಸೆಂಟಿಮೀಟರ್ ಉದ್ದವಾಗಿಯೇ ಇಟ್ಟು, ಆಮೇಲೆ ಅಳತೆ ನೋಡುತ್ತ ತುಸುತುಸುವೇ ಕತ್ತರಿಸುವುದು ಜಾಣತನ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲಾಗದು.

ಅಧಿಕ ಲಾಭದ ಉದ್ದನೆಯ ಫೈಬರ್ ಆಂಟೆನಾಗಳು ಬಯಲುಸೀಮೆಯಲ್ಲಿ ನಿಜಕ್ಕೂ ಉಪಯುಕ್ತ. ಆದರೆ ಅವು ಶಕ್ತಿಯನ್ನು ದಿಗಂತದತ್ತ ಚಪ್ಪಟೆಯಾಗಿ ಹರಡುತ್ತವೆ. ಮಲೆನಾಡಿನ ಕಣಿವೆಯಲ್ಲಿ ಕುಳಿತು ಬೆಟ್ಟದ ತುದಿಯಲ್ಲಿರುವ ರಿಪೀಟರನ್ನು ಮುಟ್ಟಬೇಕಾದವರಿಗೆ ಸಾದಾ ಗ್ರೌಂಡ್ ಪ್ಲೇನೇ ಅನುಕೂಲವಾದೀತು.

ಕೇಬಲ್ ಎಂಬ ಸೋರುವ ಕೊಡ

ನಿಲಯದಲ್ಲಿ ಅತ್ಯಂತ ಉಪೇಕ್ಷೆಗೊಳಗಾಗುವ ವಸ್ತು ಕೋಆಕ್ಸಿಯಲ್ ಕೇಬಲ್. ಪೆನ್ಸಿಲಿಗಿಂತ ತೆಳ್ಳಗಿರುವ ಆರ್‌ಜಿ-58 ಕೇಬಲಿನಲ್ಲಿ ಈ ಪಟ್ಟಿಯ ತರಂಗಗಳು 100 ಮೀಟರಿಗೆ ಸುಮಾರು 20 ಡೆಸಿಬೆಲ್ ಸೊರಗುತ್ತವೆ. ಮಹಡಿಯ ಕಂಬದಿಂದ ಕೆಳಗಿನ ಕೋಣೆಗೆ 30 ಮೀಟರ್ ಎಂದುಕೊಂಡರೆ 6 ಡೆಸಿಬೆಲ್ ನಷ್ಟ. ಸೆಟ್ಟಿನಿಂದ ಹೊರಟ 25 ವ್ಯಾಟ್‌ಗಳಲ್ಲಿ ಆಂಟೆನಾ ಸೇರುವುದು ಬರಿಯ 6 ವ್ಯಾಟ್. ಬೆರಳಿನ ದಪ್ಪದ ಆರ್‌ಜಿ-213 ಬಳಸಿದರೆ ಅದೇ ದೂರಕ್ಕೆ ಸುಮಾರು 14 ವ್ಯಾಟ್ ಮುಟ್ಟುತ್ತದೆ. ಕೇಳುವಾಗಲೂ ಇದೇ ಪ್ರಮಾಣದ ನಷ್ಟ. ಹಾಗಾಗಿ ಹೆಚ್ಚು ವ್ಯಾಟಿನ ಸೆಟ್ಟು ತಂದರೂ ಇದು ಅರ್ಧದಷ್ಟೇ ಪರಿಹಾರ.

ಕೇಬಲಿನ ಈ ಸೋರಿಕೆಗೆ ಇನ್ನೊಂದು ಕಪಟ ಮುಖವಿದೆ. ಆಂಟೆನಾ ಸರಿಹೊಂದಿದೆಯೇ ಎಂದು ತಿಳಿಯಲು ಎಸ್‌ಡಬ್ಲ್ಯುಆರ್ ಎಂಬ ಅಳತೆಯನ್ನು ನೋಡುತ್ತಾರೆ. ಹೋದ ಶಕ್ತಿಯಲ್ಲಿ ಎಷ್ಟು ಮರಳಿ ಬಂತೆಂಬುದರ ಸೂಚಕ ಇದು. 1.5 ಇದ್ದರೆ ಮರಳುವುದು ಶೇ. 4, 2 ಇದ್ದರೆ ಶೇ. 11, 3 ಆದರೆ ಶೇ. 25. ಎರಡರೊಳಗೆ ಇದ್ದರೆ ನೆಮ್ಮದಿ. ಈ ಲೇಖಕನ ಮೊದಲ ನಿಲಯದಲ್ಲಿ ಕೋಣೆಯೊಳಗಿನ ಮೀಟರು ಸದಾ 1.5ರ ಆಸುಪಾಸು ತೋರಿಸುತ್ತಿತ್ತು. ಎರಡು ಮಳೆಗಾಲ ಕಳೆದ ಮೇಲೆ ಐದು ಕಿಲೋಮೀಟರ್ ಆಚೆಗಿನವರಿಗೂ ದನಿ ಕೇಳದಾಯಿತು. ಮೀಟರು ಮಾತ್ರ ಹಿಂದಿಗಿಂತಲೂ ಚೆನ್ನಾದ ಅಂಕಿಯನ್ನೇ ತೋರಿಸುತ್ತಿತ್ತು. ದೋಷವನ್ನು ಸೆಟ್ಟಿನ ಮೇಲೆ ಹೊರಿಸಿ ಅದನ್ನು ರಿಪೇರಿಗೂ ಕೊಟ್ಟದ್ದಾಯಿತು. ಕೊನೆಗೆ ಕಂಬ ಇಳಿಸಿ ನೋಡಿದಾಗ ಕನೆಕ್ಟರ್ ಹಸಿರು ಕಿಲುಬು ಹಿಡಿದಿತ್ತು, ಕೇಬಲಿನ ಜಾಲರಿ ನೀರು ಕುಡಿದು ಕಪ್ಪಾಗಿತ್ತು.

ಹೀಗಾಗುವುದೇಕೆ? ಆಂಟೆನಾದಿಂದ ಮರಳುವ ಶಕ್ತಿಯೂ ಅದೇ ಸೋರುವ ಕೇಬಲಿನಲ್ಲಿ ಹಿಂದಿರುಗಬೇಕಷ್ಟೆ. ಹೋಗುವಾಗ 6 ಡೆಸಿಬೆಲ್, ಬರುವಾಗ 6 ಡೆಸಿಬೆಲ್ ಕಳೆದುಕೊಂಡ ಮೇಲೆ ಮೀಟರಿಗೆ ಕಾಣುವುದು ಅತ್ಯಲ್ಪ. ಲೆಕ್ಕ ಹಾಕಿದರೆ, ಇಂಥ ಕೇಬಲಿನ ಇನ್ನೊಂದು ತುದಿಯಲ್ಲಿ ಆಂಟೆನಾವೇ ಇಲ್ಲದಿದ್ದರೂ ಮೀಟರು 1.67 ಎಂದು ತೋರಿಸುತ್ತದೆ! ಆದ್ದರಿಂದ ಒಮ್ಮೆಯಾದರೂ ಮೀಟರನ್ನು ಮಹಡಿಗೆ ಒಯ್ದು, ಆಂಟೆನಾದ ಬುಡದಲ್ಲೇ ಅಳೆದು, ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಈಗ ನ್ಯಾನೋವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಅಗ್ಗವಾಗಿ ದೊರೆಯುವುದರಿಂದ ಈ ಕೆಲಸ ಹಗುರಾಗಿದೆ. ಹಳೆಯ ಮೀಟರಾದರೆ ಅದು 150 ಮೆಗಾಹರ್ಟ್ಜ್‌ವರೆಗೆ ಅಳೆಯಬಲ್ಲುದೇ ಎಂದು ನೋಡಿಕೊಳ್ಳಿ. 27 ಮೆಗಾಹರ್ಟ್ಜ್‌ಗೆಂದು ಮಾಡಿದ ಮೀಟರುಗಳ ಮಾತನ್ನು ಇಲ್ಲಿ ನಂಬಲಾಗದು.

ಕನೆಕ್ಟರಿನ ಜಾಲರಿಯನ್ನು ಸುತ್ತಲೂ ಬೆಸೆದು, ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಸಾಮಾನ್ಯ ಇನ್ಸುಲೇಶನ್ ಟೇಪು ಸುತ್ತಬೇಕು. ಕೇಬಲ್ ಮನೆಯೊಳಗೆ ನುಗ್ಗುವ ಮೊದಲು ಒಂದು ಕೊಂಕು ಕೆಳಕ್ಕೆ ಜೋತುಬೀಳಲಿ. ಮಳೆನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಕಂಬ ನಿಲ್ಲಿಸುವಾಗ ಅದು ಯಾವ ದಿಕ್ಕಿಗೆ ಉರುಳಿದರೂ ವಿದ್ಯುತ್ ತಂತಿಯನ್ನು ಮುಟ್ಟದಂತಿರಬೇಕು. ಕಂಬದ ಉದ್ದದ ಒಂದೂವರೆ ಪಟ್ಟು ಅಂತರ ಇರಲೇಬೇಕು. ನಗರದ ಕಿರಿದಾದ ರಸ್ತೆಗಳಲ್ಲಿ ವಿದ್ಯುತ್ ತಂತಿ ಮಹಡಿಯ ಕೈಗೆಟುಕುವಂತೆ ಹಾದುಹೋಗಿರುವುದು ಅಪರೂಪವಲ್ಲ. ಅಂಥ ಮನೆಯಲ್ಲಿ ಕಂಬದ ಆಸೆಯನ್ನೇ ಬಿಟ್ಟು, ಹಿತ್ತಲ ಕಡೆಯ ಗೋಡೆಗೆ ಆಂಟೆನಾ ಬಿಗಿದು ತೃಪ್ತಿಪಡುವುದು ಲೇಸು. ಕಬ್ಬಿಣದ ಪೈಪನ್ನು ಒಬ್ಬರೇ ಎತ್ತುವ ಸಾಹಸ ಬೇಡ, ಮಳೆ ಗಾಳಿ ಇರುವಾಗಲಂತೂ ಬೇಡವೇ ಬೇಡ.

ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಇನ್ನೊಂದು ಅಪಾಯ. ಕಂಬವನ್ನು ದಪ್ಪ ತಾಮ್ರದ ತಂತಿಯಿಂದ ನೆಲದ ಅರ್ತಿಂಗ್‌ಗೆ ಜೋಡಿಸಿರಬೇಕು, ಆ ತಂತಿ ಮನೆಯ ಹೊರಗಿನಿಂದಲೇ ಇಳಿಯಬೇಕು. ಗುಡುಗು ಕೇಳುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಬಿಡಿಸಿ ಕಿಟಕಿಯಾಚೆ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. ಹತ್ತಿರದಲ್ಲೇ ಸಿಡಿಲು ಬೀಳತೊಡಗಿದ ಮೇಲೆ ಕೇಬಲನ್ನು ಮುಟ್ಟಲು ಹೋಗಬಾರದು. ಇನ್ನೊಂದು ಅಂಶ: ಮನುಷ್ಯನ ದೇಹ ರೇಡಿಯೋ ಶಕ್ತಿಯನ್ನು ಹೆಚ್ಚಾಗಿ ಹೀರುವ ಆವರ್ತನಗಳಲ್ಲಿ ಈ ಪಟ್ಟಿಯೂ ಸೇರಿದೆ. ಮಹಡಿಯಲ್ಲಿ ಬಟ್ಟೆ ಒಣಹಾಕುವವರ ತಲೆಗಿಂತ ಸಾಕಷ್ಟು ಮೇಲೆ ಆಂಟೆನಾ ಇರಲಿ.

ಕರೆಂಟು ಹೋದಾಗ

ಎರಡು ಮೀಟರಿನ ಸೆಟ್ಟುಗಳಲ್ಲಿ ಹೆಚ್ಚಿನವು ಕಾರಿಗೆಂದು ರೂಪಿತವಾದವು. ಅವುಗಳಿಗೆ ಬೇಕಾದದ್ದು 13.8 ವೋಲ್ಟಿನ ನೇರ ವಿದ್ಯುತ್. 25 ವ್ಯಾಟ್ ಪ್ರಸಾರಕ್ಕೆ ಸುಮಾರು 6 ಆಂಪಿಯರ್, 50 ವ್ಯಾಟ್‌ಗೆ 10ಕ್ಕೂ ಮಿಕ್ಕಿ ಬೇಕು. ತಂತಿ ತೆಳ್ಳಗಿದ್ದರೆ ಇಲ್ಲಿಯೂ ಸೋರಿಕೆಯೇ. 1.5 ಚದರ ಮಿಲಿಮೀಟರಿನ ಮನೆವೈರನ್ನು ಐದು ಮೀಟರ್ ದೂರಕ್ಕೆ ಎಳೆದು 10 ಆಂಪಿಯರ್ ಹರಿಸಿದರೆ ಹೋಗಿಬರುವ ಹಾದಿಯಲ್ಲೇ 1.2 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ತುಸು ಇಳಿದಾಗ ಸೆಟ್ಟು ಮಾತಿನ ನಡುವೆ ಆರಿಹೋಗುವುದಕ್ಕೆ ಇಷ್ಟು ಸಾಕು.

ಲೋಡ್‌ಶೆಡ್ಡಿಂಗ್ ಕೃಪೆಯಿಂದ ನಮ್ಮ ಅನೇಕ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿ ಈಗಾಗಲೇ ಇದೆ. 150 ಆಂಪಿಯರ್ ಅವರ್‌ನ ಒಂದು 12 ವೋಲ್ಟ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸುವುದಾದರೂ 75 ಆಂಪಿಯರ್ ಅವರ್ ಕೈಯಲ್ಲಿರುತ್ತದೆ. ಕೇಳುವಾಗ ಅರ್ಧ ಆಂಪಿಯರ್, ಗಂಟೆಗೆ ಆರು ನಿಮಿಷ ಮಾತನಾಡುವಾಗ 6 ಆಂಪಿಯರ್ ಎಂದು ಲೆಕ್ಕ ಹಿಡಿದರೆ ಗಂಟೆಗೆ ಖರ್ಚು ಒಂದು ಆಂಪಿಯರ್ ಅವರ್‌ನಷ್ಟು. ಅಂದರೆ ಹೊರಗಿನ ವಿದ್ಯುತ್ತಿಲ್ಲದೆ ಸುಮಾರು ಮೂರು ದಿನ ನಿಲಯ ಎಚ್ಚರವಾಗಿರಬಲ್ಲದು, ಮನೆಯ ದೀಪ ಫ್ಯಾನುಗಳನ್ನು ಅದಕ್ಕೆ ಹೊರಿಸದಿದ್ದರೆ. ಬ್ಯಾಟರಿಯ ತಲೆಯ ಬಳಿಯಲ್ಲೇ ಎರಡೂ ತಂತಿಗಳಿಗೆ ಫ್ಯೂಸ್ ಇರಲಿ. ಎರಡು ಬ್ಯಾಟರಿ ಸೇರಿಸಿದ 24 ವೋಲ್ಟಿನ ಇನ್ವರ್ಟರ್ ಆಗಿದ್ದರೆ ಅದರಲ್ಲೊಂದರಿಂದ ಮಾತ್ರ ವಿದ್ಯುತ್ ಕದಿಯುವ ಯೋಚನೆ ಬೇಡ, ಎರಡೂ ಬ್ಯಾಟರಿಗಳು ಬೇಗ ಹಾಳಾಗುತ್ತವೆ.

ಸೆಟ್ಟಿಗೆ ಪಾಠ ಹೇಳುವುದು

ಗುಂಡಿಗಳನ್ನು ಹೊಂದಿಸುವ ಕೆಲಸ ಒಂದು ಸಂಜೆಯದು. ನೇರ ಮಾತುಕತೆಗೆ ಒಂದೇ ಆವರ್ತನ ಸಾಕು. ರಿಪೀಟರ್ ಬಳಸಲು ಎರಡು ಬೇಕು. ಉದಾಹರಣೆಗೆ, ರಿಪೀಟರೊಂದು 145.200ರಲ್ಲಿ ಮಾತನಾಡುತ್ತದೆ ಎನ್ನೋಣ. ನಿಮ್ಮ ದನಿಯನ್ನು ಅದು ಆಲಿಸುವುದು ಅದಕ್ಕಿಂತ 600 ಕಿಲೋಹರ್ಟ್ಜ್ ಕೆಳಗೆ, 144.600ರಲ್ಲಿ. ಸೆಟ್ಟಿನಲ್ಲಿ ಆಫ್‌ಸೆಟ್ ಎಂಬಲ್ಲಿ ಈ ಅಂತರವನ್ನೂ, ಅದರ ಮುಂದೆ ಋಣ ಚಿಹ್ನೆಯನ್ನೂ ತುಂಬಬೇಕು. ಅನೇಕ ರಿಪೀಟರುಗಳು ಬಾಗಿಲು ತೆರೆಯಲು ಸಿಟಿಸಿಎಸ್‌ಎಸ್ ಎಂಬ ಮಂದ್ರ ನಾದವೊಂದನ್ನು ಕೇಳುತ್ತವೆ. 67.0ರಿಂದ 254.1 ಹರ್ಟ್ಜ್‌ವರೆಗಿನ ನಾದಗಳಲ್ಲಿ ಯಾವುದೆಂಬುದನ್ನು ಸ್ಥಳೀಯ ಹವ್ಯಾಸಿಗಳಿಂದ ತಿಳಿದುಕೊಳ್ಳಬೇಕು. 145.800ರಿಂದ ಮೇಲಿನ ಭಾಗವನ್ನು ಉಪಗ್ರಹಗಳಿಗೆ ಬಿಟ್ಟುಕೊಡುವುದು ಜಗತ್ತಿನೆಲ್ಲೆಡೆ ನಡೆದುಬಂದ ರೂಢಿ. ಊರಿನ ಹರಟೆಗೆ ಆ ಜಾಗ ಸಲ್ಲದು.

ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತು ಆರಂಭಿಸಬೇಕು. ಇಲ್ಲವಾದರೆ ಮೊದಲ ಅಕ್ಷರಗಳು ರಿಪೀಟರಿನ ಹೊಸಿಲಲ್ಲೇ ಬಿದ್ದುಹೋಗುತ್ತವೆ. ಕೂಗಿದರೆ ದನಿ ದೂರ ಹೋಗದು, ಒಡೆಯುತ್ತದೆ ಅಷ್ಟೆ. ಕರೆಸಂಜ್ಞೆ ಹೇಳದೆ ಗುಂಡಿ ಒತ್ತಿ ರಿಪೀಟರ್ ಬದುಕಿದೆಯೇ ಎಂದು ಪರೀಕ್ಷಿಸುವ ಚಾಳಿ ಬೇಡ. ಮಾತು ಕನ್ನಡದಲ್ಲಿರಬಹುದು, ಕರೆಸಂಜ್ಞೆ ಮಾತ್ರ ವಿಕ್ಟರ್, ಯೂನಿಫಾರ್ಮ್ ಎಂಬ ಅಂತರರಾಷ್ಟ್ರೀಯ ಉಚ್ಚಾರದಲ್ಲೇ ಇರಲಿ. ವ್ಯಾಪಾರದ ಮಾತು, ಸಂಗೀತದ ಪ್ರಸಾರ, ಗುಪ್ತಲಿಪಿ ಮೂರೂ ನಿಷಿದ್ಧ. ಎದುರಿನವರನ್ನು "ನನ್ನ ದನಿ ಹೇಗಿದೆ?" ಎಂದು ಕೇಳುವುದಕ್ಕಿಂತ "ದನಿಯ ಹಿಂದೆ ಸುಯ್ಯೆನ್ನುವ ಸದ್ದಿದೆಯೇ?" ಎಂದು ಕೇಳಿ. ಎಫ್‌ಎಂನಲ್ಲಿ ಸಂಕೇತ ಕ್ಷೀಣಿಸಿದೆ ಎಂಬುದನ್ನು ಮೊದಲು ತಿಳಿಸುವುದು ಆ ಸದ್ದೇ.

ಎಲ್ಲವೂ ಸಿದ್ಧವಾದ ಮೇಲೆ ಒಂದು ಭಾನುವಾರ ಸಂಜೆ ಆರು ಗಂಟೆಗೆ ಮನೆಯ ಮುಖ್ಯ ಸ್ವಿಚ್ ಆರಿಸಿ, ಮೊಬೈಲನ್ನು ಬದಿಗಿಟ್ಟು, ಸೋಮವಾರ ಬೆಳಗಿನವರೆಗೆ ನಿಲಯವನ್ನು ಬ್ಯಾಟರಿಯಲ್ಲೇ ನಡೆಸಿ ನೋಡಿ. ಗಂಟೆಗೊಮ್ಮೆ ಗೆಳೆಯರೊಬ್ಬರನ್ನು ಕರೆದು, ಬ್ಯಾಟರಿಯ ವೋಲ್ಟನ್ನೂ ಅವರು ಹೇಳಿದ ದನಿಯ ಗುಣವನ್ನೂ ಸಮಯದೊಂದಿಗೆ ಲಾಗ್ ಪುಸ್ತಕದಲ್ಲಿ ಬರೆದುಕೊಳ್ಳಿ. ಟಾರ್ಚ್ ಎಲ್ಲಿದೆ, ಬದಲಿ ಫ್ಯೂಸ್ ಮನೆಯಲ್ಲಿದೆಯೇ ಎಂಬ ಪ್ರಶ್ನೆಗಳು ರಾತ್ರಿ ಹತ್ತರ ಹೊತ್ತಿಗೆ ತಾವಾಗಿಯೇ ಎದ್ದುಬರುತ್ತವೆ.